ಕೊಳದ ಮೊಟ್ಟೆಗಳು ಎಲ್ಲಿ ಮಾಯವಾಗುತ್ತವೆ?

ಮೈಸೂರಿನ ಓದುಗರೊಬ್ಬರ ಹಿತ್ತಲ ಕೊಳದಲ್ಲಿ ಬೆಳಗಿನ ಹೊತ್ತು ಗೋಲ್ಡ್‌ಫಿಶ್‌ಗಳು ಒಂದನ್ನೊಂದು ಅಟ್ಟಾಡಿಸುತ್ತವೆ. ಮರಿ ಮಾತ್ರ ಒಂದೂ ಕಾಣದು. ಮೀನುಗಳು ಜಗಳಕ್ಕೆ ಬಿದ್ದಿವೆಯೇ ಎಂಬುದು ಅವರ ಆತಂಕ.

ಜಗಳವಲ್ಲ, ಅದು ಸಂತಾನದ ಸಂಭ್ರಮ. ಅಟ್ಟುವವು ಗಂಡುಗಳು. ಅವುಗಳ ಕಿವಿರಿನ ಮುಚ್ಚಳದ ಮೇಲೆ ರವೆಯಂಥ ಬಿಳಿ ಚುಕ್ಕೆಗಳಿದ್ದರೆ ಅನುಮಾನವೇ ಬೇಡ. ಅದನ್ನು ರೋಗವೆಂದು ಬಗೆದು ಔಷಧಿ ಸುರಿಯುವವರಿದ್ದಾರೆ; ದಯವಿಟ್ಟು ಕೂಡದು. ಹೆಣ್ಣು ಒಮ್ಮೆಗೆ ನೂರಾರು ಮೊಟ್ಟೆ ಇಡುತ್ತದೆ. ಅಂಟಂಟಾದ ಅವು ನೀರುಗಿಡಗಳಿಗೆ ಕಚ್ಚಿಕೊಳ್ಳುತ್ತವೆ. ದೊಡ್ಡ ಮೀನುಗಳು, ಹೆತ್ತವೂ ಸೇರಿ, ಅವನ್ನು ತಿಂದು ಮುಗಿಸುತ್ತವೆ. ಮರಿ ಕಾಣದಿರಲು ಬಹುಮಟ್ಟಿಗೆ ಇದೇ ಕಾರಣ.

ಹಾಗಾಗಿ ನೈಲಾನ್ ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸಿ ಕೊಳದಂಚಿನಲ್ಲಿ ಇಳಿಬಿಡಬೇಕು. ಮೊಟ್ಟೆ ಅಂಟಿದೊಡನೆ ಅದನ್ನು ಕೊಳದ ನೀರನ್ನೇ ತುಂಬಿದ ತೊಟ್ಟಿಗೆ ಸಾಗಿಸಬೇಕು. ನಲ್ಲಿ ನೀರನ್ನು ನೇರವಾಗಿ ಸುರಿದರೆ ಕ್ಲೋರಿನ್ ಮರಿಗಳ ಜೀವಕ್ಕೇ ಅಪಾಯ. 24 ಡಿಗ್ರಿ ಆಸುಪಾಸಿನ ನೀರಿನಲ್ಲಿ 3–4 ದಿನಕ್ಕೆ ಮೊಟ್ಟೆ ಒಡೆಯುತ್ತವೆ. ಬಿಳಿಚಿ ಬೂಸ್ಟು ಹಿಡಿದವನ್ನು ತೆಗೆದುಬಿಡಬೇಕು.

ಮೊದಲ ಒಂದೆರಡು ದಿನ ಮರಿಗಳು ಹೊಟ್ಟೆಯ ಚೀಲದ ಆಹಾರದಲ್ಲೇ ಬದುಕುತ್ತವೆ. ಈಜತೊಡಗಿದ ಮೇಲೆ ಪಾಚಿಗಟ್ಟಿದ ಹಸಿರು ನೀರು, ಬಟ್ಟೆಯಲ್ಲಿ ಸೋಸಿದ ಬೆಂದ ಕೋಳಿಮೊಟ್ಟೆಯ ಹಳದಿ ಕೊಡಬಹುದು. ಹಳದಿ ಚಿಟಿಕೆಗಿಂತ ಕಡಿಮೆಯಿರಲಿ, ಉಳಿದದ್ದು ಕೊಳೆತು ನೀರು ಕೆಡಿಸುತ್ತದೆ.

ಮರಿಗಳು ಕಂದಾಗಿವೆ ಎಂದು ನಿರಾಶರಾಗಬೇಕಿಲ್ಲ. ಹೊಂಬಣ್ಣಕ್ಕೆ ತಿಂಗಳುಗಳೇ ಬೇಕು, ಕೆಲವಕ್ಕೆ ಅದು ಬರುವುದೇ ಇಲ್ಲ. ಹೆಚ್ಚಾದ ಮರಿಗಳನ್ನು ಕೆರೆಗೆ ಬಿಡುವುದು ಮಾತ್ರ ತಪ್ಪು: ಗೋಲ್ಡ್‌ಫಿಶ್ ಕೆಸರು ಕೆದಕಿ ನೀರನ್ನು ಕದಡುತ್ತದೆ, ಅಲ್ಲಿನ ಮೀನುಗಳ ಮೊಟ್ಟೆಗಳನ್ನೂ ತಿನ್ನುತ್ತದೆ. ಕೊಳವಿರುವ ನೆಂಟರಿಗೋ ಅಕ್ವೇರಿಯಂ ಅಂಗಡಿಗೋ ಕೊಡಬಹುದು.