ಗಣಕದೊಳಗಣ ಗಣಕ

ಬೇವೂರಿನಂಥ ಒಂದು ಊರಿನ ಕಾಲೇಜಿನಲ್ಲಿ ಲಿನಕ್ಸ್ ನಡೆಸುವ ಒಳ್ಳೆಯ ಗಣಕಯಂತ್ರವೊಂದು ಇದೆಯೆಂದು ಭಾವಿಸೋಣ. ಅದರ ಸ್ಮೃತಿ 64 ಗಿಗಾಬೈಟ್. 20 ಮಂದಿ ವಿದ್ಯಾರ್ಥಿಗಳು ತಂತಮ್ಮ ಹೆಸರು, ಗುಪ್ತಪದಗಳೊಡನೆ ಅದನ್ನು ಹಂಚಿಕೊಂಡು ಬಳಸುತ್ತಾರೆ. ಪ್ರಯೋಗಶಾಲೆಯ ಅಂಕಪಟ್ಟಿಯೂ ಅದರಲ್ಲಿಯೇ ಇದೆ. ಈ ವಿದ್ಯಾರ್ಥಿಗಳಲ್ಲಿ ಒಬ್ಬನು ಹಳೆಯ ಫೋರ್ಟ್ರಾನ್ ಕ್ರಮವಿಧಿಯೊಂದನ್ನು ನಡೆಸಬೇಕು. ಅದಕ್ಕೆ ಹಳೆಯ ಲಿನಕ್ಸೇ ಆಗಬೇಕು. ಮತ್ತೊಬ್ಬಳಿಗೆ ಜಾಲವ್ಯವಸ್ಥೆಯನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ಕಲಿಯುವ ಆಸೆ. ಇಬ್ಬರಿಗೂ ‘ರೂಟ್’ ಎಂಬ ಪರಮಾಧಿಕಾರ ಬೇಕು. ಅದನ್ನು ಕೊಟ್ಟರೆ ಉಳಿದವರ ಕಡತಗಳೆಲ್ಲವೂ ಅವರ ಕೈವಶವಾಗುವುವು. ಕೊಡದಿದ್ದರೆ ಅವರ ಕಲಿಕೆ ಅಲ್ಲಿಗೇ ನಿಲ್ಲುವುದು.

ಈ ತೊಡಕು ಸಣ್ಣ ಕಾಲೇಜಿಗೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅದೂ ಲಿನಕ್ಸಿನ ಮೇಲೆಯೇ ನಡೆಯುವ, ಬಹುಮಂದಿ ಹಂಚಿಕೊಳ್ಳುವ ಯಂತ್ರ. ಯಂತ್ರ ದೊಡ್ಡದಾದಷ್ಟೂ ಅದರ ಒಡೆತನವನ್ನು ಒಬ್ಬ ಬಳಕೆದಾರನಿಗೆ ಬಿಟ್ಟುಕೊಡುವುದು ಕಷ್ಟವೇ ಆಗುತ್ತದೆ.

ಪರಿಹಾರವೊಂದು ಉಂಟು. ಬಳಕೆದಾರನಿಗೆ ನಿಜವಾದ ಯಂತ್ರದ ಒಡೆತನವನ್ನು ಕೊಡದೆ, ಅದರೊಳಗೆ ತೋರಿಕೆಯ ಯಂತ್ರವೊಂದನ್ನು ಕಟ್ಟಿ, ಅದರ ಒಡೆತನವನ್ನು ಕೊಡುವುದು. ಇದಕ್ಕೆ ವರ್ಚುಯಲ್ ಯಂತ್ರವೆಂದು ಹೆಸರು. ಕಲ್ಪನೆ ಹೊಸದಲ್ಲ. ಐಬಿಎಂ ಸಂಸ್ಥೆಯವರು 1967ರ ಹೊತ್ತಿಗೇ ‘ಸಿಪಿ-67’ ಎಂಬ ವ್ಯವಸ್ಥೆಯಲ್ಲಿ ಒಂದು ದೊಡ್ಡ ಗಣಕವನ್ನು ಹಲವರಿಗೆ ಹಲವು ಗಣಕಗಳಂತೆ ತೋರಿಸಿದ್ದರು. ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂಬ ಭಾವನೆ!

ಇದು ಸಾಧ್ಯವಾಗಬೇಕಾದರೆ ಒಂದು ನಿಯಮ ನೆರವೇರಬೇಕು. ಅದನ್ನು 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ಸ್ಪಷ್ಟವಾಗಿ ಹೇಳಿದರು. ಒಳಗಿನ ಯಂತ್ರವು ಒಡೆಯನಿಗೆ ಮಾತ್ರ ಸಲ್ಲುವ ಆಜ್ಞೆಯನ್ನು ನಡೆಸಹೊರಟಾಗಲೆಲ್ಲ ಸಂಸ್ಕಾರಕವು ಕೆಲಸವನ್ನು ತಡೆದು, ಮೇಲ್ವಿಚಾರಕ ಕ್ರಮವಿಧಿಗೆ ಸುದ್ದಿ ಮುಟ್ಟಿಸಬೇಕು. ನಮ್ಮ ಮೇಜುಗಳ ಮೇಲಿನ ಇಂಟೆಲ್ ಜಾತಿಯ ಸಂಸ್ಕಾರಕಗಳು ಬಹುಕಾಲ ಇಲ್ಲಿಯೇ ಎಡವುತ್ತಿದ್ದವು. ಅವುಗಳ ‘ಪಾಪ್‌ಎಫ್’ ಎಂಬ ಆಜ್ಞೆಯನ್ನು ನೋಡಿರಿ. ಹೊರಗಿನ ಅಡಚಣೆಗಳನ್ನು ತಡೆಹಿಡಿಯುವಂತೆ ಸಾಮಾನ್ಯ ಅಧಿಕಾರದಲ್ಲಿರುವ ಕ್ರಮವಿಧಿಯು ಅದರ ಮೂಲಕ ಕೇಳಿದರೆ, ಸಂಸ್ಕಾರಕವು ಆ ಕೋರಿಕೆಯನ್ನು ನಡೆಸುವುದೂ ಇಲ್ಲ, ಪ್ರತಿಭಟಿಸುವುದೂ ಇಲ್ಲ. ಸುಮ್ಮನೆ ಮುಂದಕ್ಕೆ ಹೋಗುತ್ತದೆ. ಮೇಲ್ವಿಚಾರಕನಿಗೆ ಸುದ್ದಿಯೇ ಇಲ್ಲ; ಒಳಗಿನ ವ್ಯವಸ್ಥೆಯೋ ತನ್ನ ಮಾತು ನಡೆಯಿತೆಂದೇ ನಂಬಿರುತ್ತದೆ. 2005ರಲ್ಲಿ ಇಂಟೆಲ್ ಸಂಸ್ಥೆಯವರೂ 2006ರಲ್ಲಿ ಎಎಂಡಿಯವರೂ ಸಂಸ್ಕಾರಕದಲ್ಲಿಯೇ ಇದಕ್ಕೆ ಬೇಕಾದ ಏರ್ಪಾಡನ್ನು ಸೇರಿಸಿದರು. 2007ರ ಫೆಬ್ರುವರಿಯಲ್ಲಿ ಹೊರಬಂದ ಲಿನಕ್ಸಿನ 2.6.20ನೆಯ ಆವೃತ್ತಿಯಲ್ಲಿ ‘ಕೆವಿಎಂ’ ಎಂಬ ಭಾಗವು ಸೇರಿ, ಈ ಏರ್ಪಾಡನ್ನು ಬಳಸಿಕೊಳ್ಳುವ ದಾರಿ ತೆರೆಯಿತು.

ಕೆವಿಎಂನ ಸೊಗಸಿರುವುದು ಅದರ ಸರಳತೆಯಲ್ಲಿ. ಅದರ ದೃಷ್ಟಿಯಲ್ಲಿ ವರ್ಚುಯಲ್ ಯಂತ್ರವೆಂದರೆ ಲಿನಕ್ಸಿನ ಇತರ ಕ್ರಮವಿಧಿಗಳಂತೆಯೇ ಓಡುವ ಮತ್ತೊಂದು ಕ್ರಮವಿಧಿ. ಡಿಸ್ಕು, ಜಾಲದ ಕಾರ್ಡು, ಪರದೆ ಮೊದಲಾದವುಗಳ ನಟನೆಯನ್ನು ‘ಕ್ಯೂಇಎಂಯು’ ಎಂಬ ತಂತ್ರಾಂಶವು ನಡೆಸಿಕೊಡುತ್ತದೆ. ‘ದೇವ್’ ಎಂಬ ಕೋಶದಲ್ಲಿರುವ ‘ಕೆವಿಎಂ’ ಕಡತವನ್ನು ತೆರೆಯುವ ಅನುಮತಿಯೊಂದಿದ್ದರೆ ಸಾಮಾನ್ಯ ಬಳಕೆದಾರನೂ ಅದನ್ನು ಪೂರ್ಣ ವೇಗದಲ್ಲಿ ನಡೆಸಬಲ್ಲನು. ಈ ಅನುಮತಿಯಿಂದ ಆತನಿಗೆ ಹೊರಗಿನ ಯಂತ್ರದ ಮೇಲೆ ಯಾವ ಒಡೆತನವೂ ಬರುವುದಿಲ್ಲ.

ಹಾಗಾದರೆ ಅಪಾಯವೆಲ್ಲಿದೆ? ಇಂಥ ಯಂತ್ರಗಳನ್ನು ನಿರ್ವಹಿಸಲು ಬಹುಮಂದಿ ‘ಲಿಬ್‌ವರ್ಟ್’ ಎಂಬ ಸಾಧನವನ್ನು ಬಳಸುತ್ತಾರೆ. ಅದಕ್ಕೆ ಎರಡು ಬಾಗಿಲುಗಳಿವೆ: ಒಂದು ‘ಸಿಸ್ಟಮ್’, ಇನ್ನೊಂದು ‘ಸೆಷನ್’. ನಮ್ಮ ಕಡೆಯ ಹಳೆಯ ವಾಡೆಗಳನ್ನು ವಾಚಕರು ನೋಡಿರಬಹುದು. ಹೊರಗೆ ಒಂದೇ ದೊಡ್ಡ ಬಾಗಿಲು. ಒಳಗೆ ಅಣ್ಣತಮ್ಮಂದಿರ ಬೇರೆ ಬೇರೆ ಕೋಣೆ, ಬೇರೆ ಬೇರೆ ಒಲೆ. ಸೆಷನ್ ಎಂಬುದು ತನ್ನ ಕೋಣೆಯ ಕೀಲಿ. ಸಿಸ್ಟಮ್ ಎಂಬುದು ಇಡೀ ವಾಡೆಯ ಕೀಲಿಗೊಂಚಲು; ಏಕೆಂದರೆ ಅಲ್ಲಿ ನಮ್ಮ ಕೋರಿಕೆಗಳನ್ನು ನಡೆಸಿಕೊಡುವ ಸೇವಕ ಕ್ರಮವಿಧಿಯು ಸ್ವತಃ ರೂಟ್ ಅಧಿಕಾರವುಳ್ಳದ್ದು. ‘ಲಿಬ್‌ವರ್ಟ್’ ಎಂಬ ಗುಂಪಿಗೆ ವಿದ್ಯಾರ್ಥಿಯ ಹೆಸರನ್ನು ಸೇರಿಸಿದರೆ ಕೆಲಸ ಸಲೀಸಾಗುವುದೆಂದು ಎಷ್ಟೋ ಕಡೆ ಸಲಹೆ ಕೊಡುವುದುಂಟು. ಸಲೀಸಾಗುವುದು ನಿಜವೇ. ಆದರೆ ಆ ವಿದ್ಯಾರ್ಥಿಯು ಹೊಸ ಯಂತ್ರವನ್ನು ಕಟ್ಟುವಾಗ, ಅದರ ಡಿಸ್ಕಿನ ಸ್ಥಾನದಲ್ಲಿ ಕಾಲೇಜಿನ ನಿಜವಾದ ಡಿಸ್ಕನ್ನೇ ತೋರಿಸಿಬಿಟ್ಟರೆ? ಒಳಗಿನ ಯಂತ್ರದಲ್ಲಿ ಆತನೇ ರೂಟ್. ಅಲ್ಲಿ ಕುಳಿತು ಅಂಕಪಟ್ಟಿಯನ್ನು ಓದಬಹುದು, ತಿದ್ದಲೂಬಹುದು. ಒಬ್ಬರೇ ಬಳಸುವ ಯಂತ್ರದಲ್ಲಿ ಈ ಸಲಹೆಗೆ ನಮ್ಮ ಆಕ್ಷೇಪಣೆಯಿಲ್ಲ. ಹಂಚಿಕೊಂಡ ಯಂತ್ರದಲ್ಲಿ ಅದು ಪರಮಾಧಿಕಾರವನ್ನು ಬೇರೆ ಹೆಸರಿನಲ್ಲಿ ಕೊಟ್ಟಂತೆಯೇ ಸರಿ.

ಸೆಷನ್ ಬಾಗಿಲಿನಲ್ಲಿ ಎಲ್ಲವೂ ವಿದ್ಯಾರ್ಥಿಯ ಹೆಸರಿನಲ್ಲಿಯೇ ನಡೆಯುತ್ತದೆ. ಆತನು ತೆರೆಯಲಾಗದ ಕಡತವನ್ನು ಆತನ ಯಂತ್ರವೂ ತೆರೆಯಲಾರದು. ಇದರ ಬೆಲೆ 2015ರಲ್ಲಿ ಚೆನ್ನಾಗಿ ತಿಳಿದುಬಂದಿತು. ಆ ವರ್ಷ ‘ವೆನಮ್’ ಎಂಬ ದೋಷವು ಬೆಳಕಿಗೆ ಬಂತು. ಕ್ಯೂಇಎಂಯು ನಟಿಸುತ್ತಿದ್ದ ಹಳೆಯ ಫ್ಲಾಪಿ ಡಿಸ್ಕಿನ ನಿಯಂತ್ರಕದಲ್ಲಿದ್ದ ಬಿರುಕು ಅದು. 2004ರಿಂದಲೂ ಯಾರ ಕಣ್ಣಿಗೂ ಬೀಳದೆ ಅಡಗಿತ್ತು. ಅದರ ಮೂಲಕ ಒಳಗಿನ ಯಂತ್ರದವನು ಹೊರಕ್ಕೆ ನುಸುಳಿ ಬರುವ ಸಂಭವವಿತ್ತು. ಹೊರಬಂದವನಿಗೆ ಸಿಕ್ಕುವ ಅಧಿಕಾರವೆಷ್ಟು? ಆ ಕ್ಯೂಇಎಂಯು ಯಾರ ಹೆಸರಿನಲ್ಲಿ ಓಡುತ್ತಿತ್ತೋ ಅವರ ಅಧಿಕಾರದಷ್ಟೆ. ವಿದ್ಯಾರ್ಥಿಯ ಹೆಸರಿನಲ್ಲಿ ಓಡುತ್ತಿದ್ದರೆ ಆತನು ಮೊದಲೇ ಇದ್ದ ಕೋಣೆಗೆ ಮರಳಿದಂತಾಯಿತು.

ಈ ಕ್ಷೇಮಕ್ಕೆ ತೆರಬೇಕಾದ ತೆರಿಗೆ ಜಾಲದ ವಿಷಯದಲ್ಲಿದೆ. ನಿಜವಾದ ಜಾಲಕ್ಕೆ ಹೊಸ ತಂತಿಯನ್ನು ಸೇರಿಸಿದಂತೆ ಒಳಯಂತ್ರವನ್ನು ಸೇರಿಸಲು ವಿಶೇಷಾಧಿಕಾರ ಬೇಕು. ಸೆಷನ್‌ನಲ್ಲಿ ಅದು ದೊರೆಯದು. ಆದುದರಿಂದ ‘ಸ್ಲರ್ಪ್’ ಇಲ್ಲವೆ ‘ಪಾಸ್ಟ್’ ಎಂಬ ಮಧ್ಯಸ್ಥ ಕ್ರಮವಿಧಿಯು ಒಳಗಿನ ಸಂದೇಶಗಳನ್ನು ಬಳಕೆದಾರನ ಹೆಸರಿನಲ್ಲಿಯೇ ಹೊರಕ್ಕೆ ಸಾಗಿಸುತ್ತದೆ. ಹೊರಹೋಗುವುದು ಸುಲಭ. ಹೊರಗಿನವರು ಒಳಬರಬೇಕಾದರೆ ಮೊದಲೇ ಒಂದು ಪೋರ್ಟನ್ನು ಗೊತ್ತುಮಾಡಬೇಕು. 1024ಕ್ಕಿಂತ ಕೆಳಗಿನ ಸಂಖ್ಯೆಗಳು ಸಾಮಾನ್ಯರಿಗೆ ಸಲ್ಲವು. ಇದು ಸಾಲದೆಂದಾದರೆ, ನಿರ್ವಾಹಕನು ಗೊತ್ತುಮಾಡಿದ ಸೇತುವೆಗೆ ಮಾತ್ರ ಜೋಡಿಸಿಕೊಡುವ ಸಣ್ಣ ಸಹಾಯಕ ಕ್ರಮವಿಧಿಯೊಂದುಂಟು. ಕಾಲೇಜಿನ ಮುಖ್ಯ ಜಾಲವನ್ನು ಮಾತ್ರ ಆ ಪಟ್ಟಿಯಲ್ಲಿ ಸೇರಿಸಬಾರದು. ಒಳಯಂತ್ರದಲ್ಲಿ ವಿಳಾಸ ಹಂಚುವ ಸೇವೆಯನ್ನು ವಿದ್ಯಾರ್ಥಿನಿಯೊಬ್ಬಳು ಕುತೂಹಲಕ್ಕಾಗಿ ಆರಂಭಿಸಿದಳೆನ್ನಿ. ಕಚೇರಿಯ ಗಣಕಗಳೂ ಅವಳಿಂದ ವಿಳಾಸ ಪಡೆಯತೊಡಗುವುವು!

ಇನ್ನು ಲೆಕ್ಕಾಚಾರ. 20 ಮಂದಿಯೂ 4 ಗಿಗಾಬೈಟಿನ ಯಂತ್ರವನ್ನು ಹೂಡಿದರೆ ಬೇಕಾಗುವ ಸ್ಮೃತಿ 80; ಇರುವುದು 64. ‘ಸಿಗ್ರೂಪ್’ ಎಂಬ ಏರ್ಪಾಡಿನಿಂದ ಒಬ್ಬೊಬ್ಬರಿಗೂ 2.5 ಗಿಗಾಬೈಟಿನ ಮಿತಿ ವಿಧಿಸಿದರೆ ಒಟ್ಟು 50 ಆಗಿ, ಹೊರಗಿನ ಯಂತ್ರಕ್ಕೆ 14 ಉಳಿಯುತ್ತದೆ. ಒಳಯಂತ್ರಕ್ಕೆ 2 ಗಿಗಾಬೈಟ್ ಕೊಡಬೇಕೇ ಹೊರತು ಪೂರ್ತಿ 2.5 ಅಲ್ಲ, ನಟನೆ ಮಾಡುವ ಕ್ಯೂಇಎಂಯುವಿಗೂ ತನ್ನದೇ ಆದ ಖರ್ಚಿದೆ.

ಡಿಸ್ಕಿನಲ್ಲಿ ಉಳಿತಾಯ ಇನ್ನೂ ಹೆಚ್ಚು. 4 ಗಿಗಾಬೈಟಿನ ಮೂಲಪ್ರತಿಯೊಂದನ್ನು ಓದಲು ಮಾತ್ರ ಬರುವಂತೆ ಇಟ್ಟು, ಪ್ರತಿಯೊಬ್ಬರೂ ಮಾಡಿದ ಬದಲಾವಣೆಗಳನ್ನಷ್ಟೆ ಬೇರೆ ಕಡತದಲ್ಲಿ ಬರೆದುಕೊಳ್ಳುವ ವಿಧಾನವುಂಟು. ಬದಲಾವಣೆ ತಲಾ ಅರ್ಧ ಗಿಗಾಬೈಟ್ ಎಂದಿಟ್ಟುಕೊಂಡರೆ 80ರ ಬದಲು 14 ಗಿಗಾಬೈಟ್ ಸಾಕು. ಆದರೆ ಆ ಮೂಲಪ್ರತಿಯನ್ನು ಆಮೇಲೆ ಯಾರೂ ಮುಟ್ಟಬಾರದು. ಅದರಲ್ಲಿ ಒಂದಿಷ್ಟು ಬದಲಾದರೂ ಅದನ್ನು ಆಧರಿಸಿದ 20 ಯಂತ್ರಗಳೂ ಕೆಡುವುವು.

ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು. ಲಿನಕ್ಸ್ ಯಂತ್ರದಲ್ಲಿ ಒಳಯಂತ್ರವೊಂದನ್ನು ಆರಂಭಿಸಿ, ಓಡುತ್ತಿರುವ ಕ್ರಮವಿಧಿಗಳ ಪಟ್ಟಿ ಕೊಡುವ ‘ಪಿಎಸ್’ ಆಜ್ಞೆಯನ್ನು, ಒಡೆಯರ ಹೆಸರೂ ಕಾಣುವಂತೆ ನಡೆಸಿರಿ. ಕ್ಯೂಇಎಂಯು ಇರುವ ಸಾಲಿನಲ್ಲಿ ನಿಮ್ಮದೇ ಹೆಸರಿದ್ದರೆ ನೀವು ಸೆಷನ್ ಬಾಗಿಲಿನಿಂದ ಹೋಗಿದ್ದೀರಿ. ‘ಕ್ಯೂಇಎಂಯು’ ಎಂದೋ ‘ಲಿಬ್‌ವರ್ಟ್-ಕ್ಯೂಇಎಂಯು’ ಎಂದೋ ಇದ್ದರೆ ಅದು ಸಿಸ್ಟಮ್ ಬಾಗಿಲು. ಆಗ ‘ಗ್ರೂಪ್ಸ್’ ಎಂಬ ಆಜ್ಞೆಯನ್ನು ಕೊಟ್ಟು, ನಿಮ್ಮ ಹೆಸರು ಯಾವ ಯಾವ ಗುಂಪುಗಳಲ್ಲಿದೆಯೆಂಬುದನ್ನೂ ನೋಡಿರಿ.