ದೆಹಲಿಗೆ ಹೊರಟವಳಿಗೆ

ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ದೆಹಲಿಯಲ್ಲಿ ಸೀಟು ಸಿಕ್ಕಿತು ಎಂದು ಹೇಳಲು ನೀನು ಬಂದ ದಿನ ಉಜಿರೆಯಲ್ಲಿ ಮಳೆ ಜೋರಿತ್ತು. ನನ್ನ ಅರ್ಧ ಮಾತು ಹಂಚಿನ ಸದ್ದಿನಲ್ಲೇ ಹೋಯಿತು. ಉಳಿದದ್ದನ್ನು ಬರೆಯುತ್ತಿದ್ದೇನೆ.

ನಿನ್ನ ಹೆದರಿಕೆ ಇಂಗ್ಲಿಷಿನದು. ಅದು ಆರು ತಿಂಗಳಲ್ಲಿ ಸರಿಹೋಗುತ್ತದೆ, ಬಿಡು. ನನ್ನ ಹೆದರಿಕೆ ಬೇರೆ ಉಂಟು. ಅಲ್ಲಿನ ಹಾಸ್ಟೆಲ್‌ಗಳಲ್ಲಿ ಊಟ ಮುಗಿಯುವಷ್ಟರಲ್ಲಿ ಉಕ್ರೇನ್, ತೈವಾನ್, ಗಾಜಾ ಎಲ್ಲದಕ್ಕೂ ತೀರ್ಪು ಕೊಟ್ಟಾಗಿರುತ್ತದಂತೆ. ನೀನೂ ಮಾತಿನಲ್ಲಿ ಚುರುಕು. ಆ ರುಚಿ ಹತ್ತಿದರೆ ಕಷ್ಟ.

ತೀರ್ಪಿಗೆ ಅವಸರಪಡದವರು ಬೇಕೆಂದರೆ ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರನ್ನು ನೋಡು. 1887ರಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ಸಭೆಯ ಸಲಹೆಗಾರರು ಎಂಬ ಒಂದು ಸಾಲು ನಿನ್ನ ಪಾಠದಲ್ಲಿದ್ದೀತು. ಅದಕ್ಕೂ ಮುಂಚೆ, 1941–42ರಲ್ಲಿ, ಸಿಂಧೂ ನದಿ ನೀರಿನ ಬಗ್ಗೆ ಸಿಂಧ್ ಪ್ರಾಂತ್ಯ ಪಂಜಾಬಿನ ಮೇಲೆ ಕೊಟ್ಟ ದೂರು ವಿಚಾರಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರು. ಆಗ ಅದು ಎರಡು ಪ್ರಾಂತ್ಯಗಳ ಜಗಳ. 1947ರ ನಂತರ ಎರಡು ದೇಶಗಳದ್ದಾಯಿತು. ಎತ್ತಿನಹೊಳೆ ನೀರಿನ ಜಗಳ ಕೇಳುತ್ತ ಬೆಳೆದ ನಿನಗೆ ಆ ಆಯೋಗದ ವರದಿ ಓದುವುದು ಒಣ ಕೆಲಸ ಅನ್ನಿಸಲಿಕ್ಕಿಲ್ಲ.

1950ರ ಜೂನ್. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ಸರದಿಯಂತೆ ಭಾರತದ್ದು, ಕುರ್ಚಿಯಲ್ಲಿ ರಾಯರು. 25ಕ್ಕೆ ಕೊರಿಯಾ ಯುದ್ಧ ಹತ್ತಿಕೊಂಡಿತು. ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ಅಂದಿನ ನಿರ್ಣಯಕ್ಕೆ ಭಾರತ ಮತ ಹಾಕಿತು. 27ಕ್ಕೆ, ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ನಿರ್ಣಯ ಬಂತು. ದೆಹಲಿಯ ಸೂಚನೆ ಮಾತ್ರ ಬಂದಿರಲಿಲ್ಲ. ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಈಜಿಪ್ಟಿನ ಪ್ರತಿನಿಧಿಯೂ ಹಾಗೆಯೇ ಮಾಡಿದರು. ಆ ನಿರ್ಣಯವನ್ನು ಭಾರತ ಒಪ್ಪಿದ್ದು 29ಕ್ಕೆ. ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಊರೆಲ್ಲ ಕಣ್ಣು ಬಿಟ್ಟು ನೋಡುತ್ತಿರುವಾಗ, ಸುಮ್ಮನಿರುವುದು ಸಣ್ಣ ಸಂಗತಿಯಾ ಮಾರಾಯ್ತಿ? ಪುಕ್ಕಲುತನ ಎಂದು ನಿನ್ನ ಗೆಳೆಯರು ಹೇಳಿಯಾರು. ನನಗಂತೂ ಹಾಗೆ ಕಾಣುವುದಿಲ್ಲ. ಮುಂದೆ 1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಮರುವರ್ಷ ತೀರಿಕೊಂಡರು.

ಜೂನ್ 27ರಿಂದ 29ರವರೆಗಿನ ಆ ಎರಡು ದಿನ ನ್ಯೂಯಾರ್ಕಿಗೂ ದೆಹಲಿಗೂ ನಡುವೆ ಯಾವ ಯಾವ ತಂತಿ ಓಡಾಡಿತು? ಯಾರು ಯಾರನ್ನು ಕಾಯಿಸಿದರು? ಸಂಶೋಧನೆ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟು ಸಣ್ಣ ಪ್ರಶ್ನೆ. ರಾಷ್ಟ್ರೀಯ ಪತ್ರಾಗಾರ ಜನಪಥದಲ್ಲೇ ಉಂಟು. ಹೋಗಿ ಕೂತುಕೋ. ಫೈಲಿನ ಧೂಳಿಗೆ ನಿನಗೆ ಸೀನು ಬರುತ್ತದೆ, ಕರವಸ್ತ್ರ ಮರೆಯಬೇಡ.

ತುಳುವನ್ನೂ ಬಿಡಬೇಡ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿ ಬೆನ್ ಯಿಜುವಿನ ಕಾಗದಗಳು ಕೈರೋದಲ್ಲಿ ಸಿಕ್ಕವು. ಅವುಗಳಲ್ಲಿ ಅವನ ಆಳಿನ ಹೆಸರಿಗೆ ಸ್ವರವೇ ಇಲ್ಲ, ಬರೀ ವ್ಯಂಜನ. ಅದು ‘ಬೊಮ್ಮ’ ಎಂದು ಲೇಖಕ ಅಮಿತಾವ್ ಘೋಷರಿಗೆ ಹೊಳೆದದ್ದು ಇಲ್ಲಿಗೆ ಬಂದು, ತುಳು ಬಲ್ಲ ವಿವೇಕ ರೈಯವರನ್ನು ಕೇಳಿದ ಮೇಲೆ. ನಿನ್ನ ಅಜ್ಜಿಯ ಭಾಷೆ ಅದು. ಅವಳಿಗೆ ಫೋನು ಮಾಡುತ್ತಿರು.

ದೀಪಾವಳಿಗೆ ಬಂದಾಗ ಮೂಡುಬಿದಿರೆಗೆ ಹೋಗೋಣ. ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ಬುಡದಲ್ಲಿ, ಆಫ್ರಿಕದ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಕೆತ್ತಿದ್ದಾರೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಬಸ್ಸಿನ ಖರ್ಚು ನನ್ನದು.