ಬಂಪರಿಗೆ ಸುತ್ತಿದ ಕೂದಲ ಹಗ್ಗ

ಚಿಂತಾಮಣಿಯ ಟೊಮ್ಯಾಟೊ ಮಾರುಕಟ್ಟೆಯ ಹತ್ತಿರ ಸಾಲಾಗಿ ನಿಂತ ಲಾರಿಗಳ ಮುಂದೆ ಒಮ್ಮೆ ಬಗ್ಗಿ ನೋಡಿ. ಪೋಣಿಸಿ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ತಕ್ಷಣ ಕಣ್ಣಿಗೆ ಬೀಳುತ್ತವೆ. ಕೆಲವು ಗಾಡಿಗಳ ಬಂಪರಿಗೆ ಕಪ್ಪಗೆ ಹೊಸೆದ ಒಂದು ಹಗ್ಗವೂ ಸುತ್ತಿರುತ್ತದೆ. ಬೆರಳಾಡಿಸಿದರೆ ಸಣ್ಣಗೆ ಚುಚ್ಚುತ್ತದೆ. ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ ಅದು. ದೃಷ್ಟಿ ತಾಗದಿರಲಿ, ದಾರಿಯಲ್ಲಿ ಏನೂ ಆಗದಿರಲಿ ಎಂದು ಕಟ್ಟಿದ್ದು.

‘ಈಗಿನ ಕಲೆ ನಮಗೆ ಅರ್ಥವಾಗಲ್ಲ ಮೇಷ್ಟ್ರೇ’ ಅನ್ನುವವರಿಗೆ ನಾನು ಪಾಠ ಶುರು ಮಾಡುವುದು ಈ ಹಗ್ಗದಿಂದಲೇ. ಇಂಥದೇ ಹಗ್ಗ 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆಗೆ ಹೋಗಿತ್ತು. ಎರಡು ವರ್ಷಕ್ಕೊಮ್ಮೆ ಜಗತ್ತಿನ ಕಲಾವಿದರೆಲ್ಲ ಸೇರುವ ದೊಡ್ಡ ಜಾತ್ರೆ ಅದು. ತೆಗೆದುಕೊಂಡು ಹೋದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ ಎಂದು ಓದಿ ಬಂದು ಬೆಂಗಳೂರಿನಲ್ಲೇ ನೆಲೆಸಿದವರು. ಕೃತಿಯ ಹೆಸರು ‘ಬಿಹೋಲ್ಡ್’. ‘ಇಗೋ ನೋಡು’ ಎಂದು ಅರ್ಥ ಮಾಡಿಕೊಳ್ಳಿ. ಸುಮಾರು ನಾಲ್ಕು ಕಿಲೋಮೀಟರಿನಷ್ಟು ಕೂದಲ ಹಗ್ಗ, ಇಪ್ಪತ್ತರಷ್ಟು ಕಾರಿನ ಉಕ್ಕಿನ ಬಂಪರು, ಅಷ್ಟೇ ಸಾಮಗ್ರಿ. ಹಗ್ಗ ಗೋಡೆಯುದ್ದಕ್ಕೂ ಇಳಿಬಿದ್ದು ನೆಲದ ಮೇಲೆ ಗುಪ್ಪೆಯಾಗುತ್ತದೆ. ಬಂಪರುಗಳು ಅದರಲ್ಲೇ ಸಿಕ್ಕಿಕೊಂಡು ತೂಗುತ್ತವೆ. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಈ ಕೃತಿ ಮನುಷ್ಯರ ದೇಹದ ಬಗ್ಗೆ ಎಂದು ನಾನು ಹೇಳಿದರೆ, ‘ಇಲ್ಲಿ ದೇಹ ಎಲ್ಲಿದೆ?’ ಎಂದು ನೀವು ಕೇಳಬೇಕಾದದ್ದೇ. ನಿಧಾನವಾಗಿ ಬನ್ನಿ. ನಮ್ಮ ಕಡೆಯವರು ಮದನಪಲ್ಲಿ ಮೇಲೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುತ್ತೇವೆ. ಮಗುವಿನ ಬೋಳು ತಲೆಗೆ ಗಂಧ ಬಳಿದುಕೊಂಡು ವಾಪಸು ಬರುವ ಕುಟುಂಬಗಳನ್ನು ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಯಾರು ನೋಡಿಲ್ಲ? ಅಲ್ಲಿ ಮುಡಿ ತೆಗೆಯುವ ಕಲ್ಯಾಣಕಟ್ಟೆಯ ನೆಲದ ಮೇಲೆ ಬಿದ್ದ ಕೂದಲನ್ನು ಒಂದು ಸಲ ನೆನೆಯಿರಿ. ಯಾರದು ಯಾವುದು, ಯಾವ ಊರು, ಯಾವ ಜಾತಿ, ಸಾಹುಕಾರನದೋ ಕೂಲಿಯವಳದೋ ಹೇಳಲಾಗದು. ದೇವಸ್ಥಾನಗಳಲ್ಲಿ ಹೀಗೆ ಬಿದ್ದದ್ದರಲ್ಲಿ ಉದ್ದನೆಯದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ. ತುಂಡು ಕೂದಲು ಹಗ್ಗವಾಗಿ ಗಾಡಿಗಳಿಗೆ ಬರುತ್ತದೆ. ನಮ್ಮ ಭಾಷೆಯೇ ಇದನ್ನು ಚೆನ್ನಾಗಿ ಹಿಡಿದಿದೆ: ಹೂವನ್ನು ಮುಡಿಯುತ್ತೇವೆ, ದೇವರಿಗೆ ಮುಡಿ ಕೊಡುತ್ತೇವೆ. ಚೆಲುವಿಗೂ ಹರಕೆಗೂ ಒಂದೇ ಮಾತು. ಶೀಲಾ ಅವರ ಹಗ್ಗದಲ್ಲಿ ಸಾವಿರಾರು ಜನ ಹೆಸರಿಲ್ಲದೆ ಹೊಸೆದುಕೊಂಡಿದ್ದಾರೆ. ಒಂಟಿಯಾಗಿ ಎಳೆದರೆ ಕಿತ್ತುಬರುವ ಕೂದಲು, ಹೊಸೆದಾಗ ಪೆಟ್ಟು ತಡೆಯಲೆಂದೇ ಮಾಡಿದ ಉಕ್ಕನ್ನು ಎತ್ತಿ ಹಿಡಿಯುತ್ತದೆ. ಈ ಕೃತಿಯ ಮುಂದೆ ಭಯವೂ ಭಕ್ತಿಯೂ ಒಟ್ಟಿಗೆ ಆಗುವುದು ಅದಕ್ಕೇ ಎಂದು ನನಗನ್ನಿಸುತ್ತದೆ.

ಸೌಂದರ್ಯ ಎಂದ ಕೂಡಲೇ ಶಾಲಾ ಪ್ರವಾಸದಲ್ಲಿ ಬೇಲೂರಿನಲ್ಲಿ ಕಂಡ ದರ್ಪಣ ಸುಂದರಿ ನೆನಪಾಗುತ್ತಾಳೆ. ಆಗಲಿ, ಅವಳನ್ನು ಮರೆಯಬೇಕಾಗಿಲ್ಲ. ಆ ಶಿಲ್ಪಿ ಚೆಲುವಾದ ದೇಹವನ್ನು ಕಡೆದ. ಇಂದಿನ ಕಲಾವಿದೆ, ಈ ಚೆಲುವನ್ನು ನಿರ್ಧರಿಸಿದವರು ಯಾರು, ದುಡಿಯುವ ದೇಹ ಎಲ್ಲಿ ಹೋಯಿತು ಎಂದು ಕೇಳುತ್ತಾಳೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವವರ ಕೈ ನೋಡಿದ್ದೀರಾ? ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಮದುವೆ ಮನೆಯಲ್ಲಿ ಸೀರೆ ಹೊಳೆಯುವಾಗ ಆ ಬೆರಳು ಯಾರ ಕಣ್ಣಿಗೂ ಬೀಳುವುದಿಲ್ಲ. ಶೀಲಾ ಗೌಡರ 1998ರ ಒಂದು ಕೃತಿಯಲ್ಲಿ ನೂರಾರು ಮೀಟರು ದಾರವನ್ನು ಸೂಜಿಗಳ ಕಣ್ಣಲ್ಲಿ ತೂರಿಸಿ, ಕುಂಕುಮ ಮತ್ತು ಅಂಟಿನಿಂದ ಒಟ್ಟುಗೂಡಿಸಿ ಕೆಂಪು ಹುರಿ ಮಾಡಿದ್ದಾರೆ. ಹುರಿ ಕರುಳಿನ ಹಾಗೆ ಸುತ್ತಿಕೊಂಡು ಹೋಗಿ, ತುದಿಯಲ್ಲಿ ಸೂಜಿಗಳ ಗೊಂಚಲಾಗಿ ನಿಲ್ಲುತ್ತದೆ. ‘ನನ್ನ ನೋವನ್ನು ಅವನಿಗೆ ಹೇಳು’ ಎಂಬ ಅರ್ಥದ ಹೆಸರು ಅದಕ್ಕೆ. ಹಣೆಗಿಡುವ ಕುಂಕುಮ, ಮನೆಯ ಸೂಜಿ ದಾರ, ಹೆಂಗಸರ ಎಡೆಬಿಡದ ಕೈಕೆಲಸ, ಎಲ್ಲ ಅಲ್ಲಿದೆ. ಹೆಂಗಸಿನ ಚಿತ್ರ ಮಾತ್ರ ಎಲ್ಲೂ ಇಲ್ಲ.

ಇನ್ನೊಬ್ಬರು ಇದಕ್ಕೆ ತೀರಾ ಉಲ್ಟಾ. ಬೆಂಗಳೂರಿನ ಪುಷ್ಪಮಾಲಾ ಎನ್. ತಮ್ಮ ಮೈಯನ್ನೇ ಚಿತ್ರದೊಳಗೆ ನಿಲ್ಲಿಸುತ್ತಾರೆ. ಮೊದಲು ಶಿಲ್ಪಿಯಾಗಿದ್ದವರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಒಂದು ದೊಡ್ಡ ಫೋಟೋ ಸರಣಿ ಮಾಡಿದರು. ಅದರ ಒಂದು ಫೋಟೋದಲ್ಲಿ ಅವರು ಚಿತ್ರಕಾರ ರವಿವರ್ಮನ ಲಕ್ಷ್ಮಿ. ನಮ್ಮ ಅಜ್ಜಿಯರ ದೇವರಮನೆಯಲ್ಲಿ ಕಟ್ಟು ಹಾಕಿಸಿಟ್ಟಿದ್ದ ಪಟದ ಅದೇ ಲಕ್ಷ್ಮಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮನ ಅಚ್ಚುಕೂಟದಿಂದ ಇಂಥ ಪಟಗಳು ಮನೆಮನೆಗೆ ಬಂದವು. ಹೆಣ್ಣು ಹೀಗಿದ್ದರೆ ಲಕ್ಷಣ ಎಂಬ ಅಳತೆಯೂ ಅವುಗಳ ಜೊತೆಗೇ ಬಂತು. ಇನ್ನೊಂದು ಫೋಟೋದಲ್ಲಿ ಪುಷ್ಪಮಾಲಾ ಚೌಕಳಿ ಪರದೆಯ ಮುಂದೆ, ಅಳತೆಗೆ ಒಳಗಾದ ಬುಡಕಟ್ಟಿನ ಹೆಣ್ಣು. ಬ್ರಿಟಿಷ್ ಅಧಿಕಾರಿಗಳು ಹೀಗೇ ನಮ್ಮವರನ್ನು ನಿಲ್ಲಿಸಿ ತಲೆ, ಮೂಗು ಅಳೆದಿದ್ದರು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ರಿಸ್ಲೆ, ಮೂಗಿನ ಅಗಲ ನೋಡಿ ಜಾತಿಯ ಮೇಲು ಕೀಳು ಹೇಳಬಹುದು ಎಂದೇ ನಂಬಿದ್ದ. ಮತ್ತೊಂದರಲ್ಲಿ, ಕಳವಿನ ಆರೋಪದ ಮೇಲೆ ಹಿಡಿದು ಪತ್ರಿಕೆಯವರ ಮುಂದೆ ನಿಲ್ಲಿಸಿದ ಹೆಂಗಸು.

ಮುಖ ಒಂದೇ. ಸೀರೆ, ಬೆಳಕು, ಹಿಂದಿನ ಪರದೆ ಬದಲಾದರೆ ನಾವು ಒಬ್ಬಳಿಗೆ ಕೈ ಮುಗಿಯುತ್ತೇವೆ, ಇನ್ನೊಬ್ಬಳನ್ನು ಅಳೆಯುತ್ತೇವೆ, ಮತ್ತೊಬ್ಬಳನ್ನು ಕಳ್ಳಿ ಅನ್ನುತ್ತೇವೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಇಂಥ ಕೃತಿ ನೋಡುವಾಗ ‘ಇದರ ಅರ್ಥವೇನು’ ಎಂದು ಅವಸರ ಮಾಡಬೇಡಿ. ಯಾವುದರಿಂದ ಮಾಡಿದ್ದಾರೆ, ಆ ವಸ್ತು ನಮ್ಮ ಮನೆಯಲ್ಲಿ ಎಲ್ಲಿದೆ, ಯಾರ ಕೈ ದಾಟಿ ಬಂತು, ಇಷ್ಟು ಕೇಳಿಕೊಳ್ಳಿ. ಬೆಂಗಳೂರಿಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೋ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ‘ಮ್ಯಾಪ್’ಗೋ ಹೋಗಿ. ಒಂದೇ ಕೃತಿಯ ಮುಂದೆ ಹತ್ತು ನಿಮಿಷ ನಿಂತರೂ ಸಾಕು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ನಿಮ್ಮ ಆಧಾರ್ ಕಾರ್ಡಿನ ಫೋಟೋ, ಮದುವೆ ಆಲ್ಬಂನ ಫೋಟೋ, ಗಂಡಿನ ಕಡೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಮೂರನ್ನೂ ಹಾಸಿಗೆಯ ಮೇಲೆ ಪಕ್ಕಪಕ್ಕ ಇಡಿ. ಪ್ರತಿಯೊಂದರಲ್ಲೂ ‘ಹೀಗೆ ನಿಲ್ಲು, ಗಲ್ಲ ಎತ್ತು, ಸೆರಗು ಸರಿ ಮಾಡಿಕೊ’ ಎಂದವರು ಯಾರು, ನೆನಪು ಮಾಡಿಕೊಂಡು ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಆಧಾರಿನದಕ್ಕೆ ಒಂದು ಚೀಟಿ ಅಂಟಿಸಿದರಾಯಿತು. ಮುಂದಿನ ವಾರ ಬರುವಾಗ ತನ್ನಿ, ಪಾಠ ಅಲ್ಲಿಂದ ಮುಂದುವರಿಸೋಣ.